ಲುಕ್ಕಾದಿಂದ ಸಿಯೆನಾವರೆಗೆ: ವಿಯಾ ಫ್ರಾಂಚೀಜೆನಾ ಹಾದಿಯ ಊರು, ಚರ್ಚು, ಮಠಗಳನ್ನು ನಡೆದು ನೋಡುವ ಬಗೆ

ಇಟಲಿಯ ಟಸ್ಕನಿಗೆ ಹೋಗುವವರು ಸಾಮಾನ್ಯವಾಗಿ ಫ್ಲಾರೆನ್ಸಿನಲ್ಲಿ ರೂಮು ಹಿಡಿದು, ಒಂದೇ ದಿನದ ಬಸ್ಸಿನಲ್ಲಿ ಸಾನ್ ಜಿಮಿನ್ಯಾನೊ, ಮೊಂತೆರಿಜ್ಜೋನಿ, ಸಿಯೆನಾ ಮೂರನ್ನೂ ಮುಗಿಸಿ ಬರುತ್ತಾರೆ. ಮೂರೂ ಚೆಂದದ ಊರುಗಳೇ. ಆದರೆ ಹಾಗೆ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ. ಆ ಗುಡ್ಡದ ಮೇಲೆ ಅಷ್ಟೊಂದು ಗೋಪುರ ಯಾಕೆ, ಬಯಲಿನ ನಡುವೆ ಅಂಥ ದೊಡ್ಡ ಮಠ ಯಾಕೆ, ಊರೇ ಇಲ್ಲದ ದಿಬ್ಬದ ಮೇಲೆ ಅಷ್ಟು ಹಳೆಯ ಚರ್ಚು ಯಾಕೆ? ಉತ್ತರ ಇರುವುದು ಅವನ್ನೆಲ್ಲ ಪೋಣಿಸಿದ್ದ ದಾರಿಯಲ್ಲಿ. ಇಂಗ್ಲೆಂಡಿನ ಕ್ಯಾಂಟರ್‌ಬರಿಯಿಂದ ಫ್ರಾನ್ಸ್, ಸ್ವಿಟ್ಜರ್ಲೆಂಡ್ ದಾಟಿ ರೋಮಿಗೆ ಬರುತ್ತಿದ್ದ ಯಾತ್ರಿಕರ ಆ ದಾರಿಯ ಹೆಸರು ವಿಯಾ ಫ್ರಾಂಚೀಜೆನಾ. ಪೂರ್ತಿ ನಡೆಯುವುದಕ್ಕೆ ತಿಂಗಳುಗಳು ಬೇಕು. ಒಂದೂವರೆ ವಾರ ರಜೆ ಇರುವವರಿಗೆ ನಾನು ಹೇಳುವುದು ಲುಕ್ಕಾದಿಂದ ಸಿಯೆನಾವರೆಗಿನ ಸುಮಾರು 135 ಕಿಲೋಮೀಟರ್. ಮಧ್ಯಯುಗದ ಊರು, ಹಳ್ಳಿಯ ಚರ್ಚು, ಮಠ, ಯಾತ್ರಿಕರ ಛತ್ರ ಇಷ್ಟು ಒತ್ತೊತ್ತಾಗಿ ಸಿಗುವ ಇನ್ನೊಂದು ತುಂಡು ಈ ಹಾದಿಯಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೊರಡುವ ಮುಂಚೆ ದಾರಿಯ ಕಥೆ ತಿಳಿದಿರಲಿ

ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸಿಗೆರಿಕ್, ಪೋಪ್ 15ನೇ ಜಾನ್ ಅವರಿಂದ ತನ್ನ ಪದವಿಯ ಲಾಂಛನವಾದ ಉಣ್ಣೆಯ ಪಟ್ಟಿಯನ್ನು ಪಡೆಯಲು 990ರ ಹೊತ್ತಿಗೆ ರೋಮಿಗೆ ಹೋದ. ವಾಪಸು ಬರುವಾಗಿನ ತಂಗುದಾಣಗಳ ಹೆಸರುಗಳ ಪಟ್ಟಿಯೊಂದು ಉಳಿದುಕೊಂಡಿದೆ. ಸುಮಾರು 80 ಹೆಸರು, ಹೆಚ್ಚಿನ ವಿವರ ಇಲ್ಲ. ಆದರೆ ಇವತ್ತಿನ ದಾರಿಯನ್ನು ಗುರುತಿಸಿರುವುದು ಮುಖ್ಯವಾಗಿ ಆ ಪಟ್ಟಿಯ ಆಧಾರದ ಮೇಲೆ. ಎಣಿಕೆ ರೋಮಿನಿಂದ ಶುರುವಾಗುತ್ತದೆ: ಸಿಯೆನಾ 15, ಅಬ್ಬಾದಿಯಾ ಆ ಇಸೊಲಾ 16, ಸಾನ್ ಜಿಮಿನ್ಯಾನೊ 19, ಲುಕ್ಕಾ 26. ಯುರೋಪ್ ಮಂಡಳಿ 1994ರಲ್ಲಿ ಇದನ್ನು ಸಾಂಸ್ಕೃತಿಕ ಮಾರ್ಗವೆಂದು ಘೋಷಿಸಿತು.

ಇನ್ನೊಂದು ವಿಷಯ ಗೊತ್ತಿದ್ದರೆ ನೋಡುವ ಕಣ್ಣೇ ಬದಲಾಗುತ್ತದೆ. ಆಗ ಆರ್ನೊ, ಎಲ್ಸಾ ನದಿಗಳ ಕಣಿವೆ ತಳ ಬಹುಪಾಲು ಜೌಗು. ನೀರು ನಿಂತ ಕಡೆ ಜ್ವರದ ಭಯ, ಕಾಡಿದ್ದ ಕಡೆ ಕಳ್ಳರ ಭಯ. ಹಾಗಾಗಿ ದಾರಿ ಆದಷ್ಟೂ ಗುಡ್ಡದ ಬೆನ್ನು ಹಿಡಿದೇ ಸಾಗುತ್ತಿತ್ತು, ಗುಡ್ಡದ ಮೇಲಿನ ಊರುಗಳು ಬೆಳೆದವು. 12–13ನೇ ಶತಮಾನದ ಹೊತ್ತಿಗೆ ಕಣಿವೆಯಲ್ಲಿ ಬೇಸಾಯ ಹಬ್ಬಿ, ಪೊಜ್ಜಿಬೋನ್ಸಿಯಂಥ ಊರು ತಲೆಯೆತ್ತಿದ ಮೇಲೆ ದಾರಿಯೂ ಕೆಳಗಿಳಿಯಿತು. ಮೇಲಿನ ಚರ್ಚುಗಳ ಮುಂದೆ ಜನ ಹಾಯುವುದು ಕಡಿಮೆಯಾಯಿತು. ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಯಾರ ಕೈಯಲ್ಲೂ ಇರಲಿಲ್ಲ, ಕಲ್ಲು ಕಲ್ಲಾಗಿಯೇ ಉಳಿಯಿತು. ಈ ಹಾದಿಯಲ್ಲಿ ನೀವು ನೋಡುವ ಅಂದದ ಬಹುಭಾಗಕ್ಕೆ ಕಾರಣ ಹೀಗೆ ಜನ ಮರೆತುಬಿಟ್ಟಿದ್ದು.

ಕಾಲ, ಕಾಗದಪತ್ರ, ವಸತಿ

ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರ, ಇಲ್ಲವೇ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಕೊನೆ. ಜುಲೈ-ಆಗಸ್ಟ್ ಬೇಡ. ಬಿಸಿಲು 35 ಡಿಗ್ರಿ ದಾಟುತ್ತದೆ, ಗೋಧಿ ಹೊಲಗಳ ನಡುವೆ ಗಂಟೆಗಟ್ಟಲೆ ಒಂದು ಮರದ ನೆರಳೂ ಸಿಗುವುದಿಲ್ಲ.

ಭಾರತೀಯ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯುರೋ ಚಿಕಿತ್ಸಾ ವೆಚ್ಚ ಭರಿಸುವ ವಿಮೆ ಕಡ್ಡಾಯ. ಇಟಲಿ ವೀಸಾಕ್ಕೆ ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ನಡೆದು ಹೋಗುವವರಿಗೂ ಪ್ರತಿ ರಾತ್ರಿಯ ವಸತಿಯ ದಾಖಲೆ ಕೇಳುತ್ತಾರೆ, ಆದ್ದರಿಂದ ದಿನವಾರು ಯೋಜನೆಯನ್ನು ಬರೆದು ಲಗತ್ತಿಸಿ.

ಎರಡನೆಯ ಕಾಗದ 'ಕ್ರೆದೆನ್ಸಿಯಾಲೆ', ಅಂದರೆ ಯಾತ್ರಿಕರ ಪುಸ್ತಿಕೆ. ಇದನ್ನು ಮೊದಲೇ ಆನ್‌ಲೈನಿನಲ್ಲಿ ತರಿಸಬಹುದು, ಹಾದಿಯ ದೊಡ್ಡ ಊರುಗಳಲ್ಲೂ ಸಿಗುತ್ತದೆ. ತಂಗಿದ ಕಡೆ, ಚರ್ಚುಗಳಲ್ಲಿ, ಕೆಲವು ಕಾಫಿ ಅಂಗಡಿಗಳಲ್ಲೂ ಇದಕ್ಕೆ ಮುದ್ರೆ ಹಾಕುತ್ತಾರೆ. ಚರ್ಚಿನವರೂ ಸ್ವಯಂಸೇವಕರೂ ನಡೆಸುವ ಯಾತ್ರಿಕರ ವಸತಿಗಳಲ್ಲಿ ಜಾಗ ಸಿಗಲು ಇದು ಬೇಕೇ ಬೇಕು. ಕೆಲವೆಡೆ ನಿಗದಿತ ದರ, ಕೆಲವೆಡೆ ನೀವು ಕೊಟ್ಟಷ್ಟು ಕಾಣಿಕೆ. ಕಾಣಿಕೆ ಅಂದರೆ ಪುಕ್ಕಟೆ ಅಲ್ಲ. ಮುಂದಿನ ಯಾತ್ರಿಕರ ಊಟ ನಿಮ್ಮ ಕಾಣಿಕೆಯಿಂದಲೇ ಆಗುತ್ತದೆ. ಹಿಂದಿನ ದಿನ ಫೋನ್ ಮಾಡಿ ತಿಳಿಸುವುದು ರೂಢಿ. ರೋಮಿನಲ್ಲಿ ಕೊಡುವ ಯಾತ್ರಾ ಪ್ರಮಾಣಪತ್ರ ಕೊನೆಯ 100 ಕಿಲೋಮೀಟರ್ ನಡೆದವರಿಗೆ ಮಾತ್ರ. ಅದು ಬೇಕಿದ್ದರೆ ಲಾತ್ಸಿಯೊ ಪ್ರಾಂತ್ಯದ ವಿತೆರ್ಬೊ ಕಡೆಯಿಂದ ಹೊರಡಬೇಕು. ನಮ್ಮ ಈ ತುಂಡಿಗೆ ಅದು ಸಿಗುವುದಿಲ್ಲ.

ದಾರಿ ತಪ್ಪುವ ಭಯ ಬೇಡ. ಕೆಂಪು-ಬಿಳಿ ಪಟ್ಟೆ, ಗಂಟು ಹೊತ್ತ ಪುಟ್ಟ ಯಾತ್ರಿಕನ ಚಿತ್ರ ಕವಲುಗಳಲ್ಲೆಲ್ಲ ಇರುತ್ತವೆ. ಆದರೂ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ.

ಚರ್ಚು ನೋಡುವ ಕ್ರಮ

ಈ ಹಾದಿಯ ಬಹಳಷ್ಟು ಚರ್ಚುಗಳು ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು, ಮೂರೂವರೆವರೆಗೆ ಬಾಗಿಲು ಹಾಕುತ್ತವೆ. ಅದಕ್ಕೇ ಬೆಳಗಿನ ಜಾವ ಹೊರಟು ಮಧ್ಯಾಹ್ನದೊಳಗೆ ಊರು ಸೇರಿ, ಉಂಡು ಮಲಗೆದ್ದು, ನಾಲ್ಕರ ಮೇಲೆ ಚರ್ಚಿಗೆ ಹೋಗಿ. ಭಾನುವಾರ ಬೆಳಿಗ್ಗೆ ಪೂಜೆಯ ಹೊತ್ತು. ಪ್ರವಾಸಿಗರಂತೆ ಓಡಾಡಬಾರದು, ಹಿಂದಿನ ಬೆಂಚಿನಲ್ಲಿ ಕೂರಬಹುದು. ಭುಜ, ಮಂಡಿ ಮುಚ್ಚಿರಲಿ.

ಕಟ್ಟಡದ ದಿಕ್ಕನ್ನು ಗಮನಿಸುವುದು ಒಳ್ಳೆಯ ಅಭ್ಯಾಸ. ಹಳೆಯ ಚರ್ಚುಗಳಲ್ಲಿ ಪೂಜಾವೇದಿಯ ಹಿಂದಿನ ಅರ್ಧವೃತ್ತದ ಗೋಡೆ ಸಾಮಾನ್ಯವಾಗಿ ಪೂರ್ವಕ್ಕೆ, ಮುಂಬಾಗಿಲು ಪಶ್ಚಿಮಕ್ಕೆ. ಅಂದರೆ ಮುಂಗೋಡೆಯ ಕೆತ್ತನೆ ನೋಡುವುದಕ್ಕೆ ಇಳಿಬಿಸಿಲೇ ಸರಿ. ಒಳಗೆ ಹೋದ ಮೇಲೆ ಎರಡು ನಿಮಿಷ ಸುಮ್ಮನೆ ನಿಂತು ಕಣ್ಣು ಕತ್ತಲೆಗೆ ಒಗ್ಗಲು ಬಿಡಿ. ಆಮೇಲೆ ಕಂಬದ ಬೋದಿಗೆಗಳನ್ನು ಒಂದೊಂದಾಗಿ ನೋಡಿ; ಹಳ್ಳಿಯ ಶಿಲ್ಪಿ ತನ್ನ ಮನಸ್ಸನ್ನೆಲ್ಲ ಸುರಿದಿರುವುದು ಅಲ್ಲಿ. ಭಿತ್ತಿಚಿತ್ರಗಳ ಮುಂದೆ ನಾಣ್ಯ ಹಾಕಿದರೆ ದೀಪ ಹತ್ತುವ ಪೆಟ್ಟಿಗೆ ಇರುತ್ತದೆ. ಒಂದು ಯುರೋ, ಐವತ್ತು ಸೆಂಟಿನ ಚಿಲ್ಲರೆ ಜೇಬಿನಲ್ಲಿ ಯಾವಾಗಲೂ ಇರಲಿ. ಚಿಕ್ಕ ದುರ್ಬೀನು ಒಯ್ದರೆ ತೂಕಕ್ಕೆ ತಕ್ಕ ಲಾಭವಿದೆ.

ಲುಕ್ಕಾ: ಎರಡು ರಾತ್ರಿ ಇರಲಿ

ಪೀಸಾ ವಿಮಾನ ನಿಲ್ದಾಣದಿಂದಲೂ ಫ್ಲಾರೆನ್ಸಿನಿಂದಲೂ ಲುಕ್ಕಾಕ್ಕೆ ಬರುವುದು ಸುಲಭ. ಇಡೀ ಹಳೆಯ ಊರನ್ನು ಸುತ್ತುವರಿದ ಕೋಟೆಗೋಡೆಯ ಮೇಲೆ ಮರಗಳ ಸಾಲಿನಡಿ ನಾಲ್ಕು ಕಿಲೋಮೀಟರ್ ಸುತ್ತು ಬರಬಹುದು. ಮೊದಲ ಸಂಜೆ ಅಷ್ಟು ಸಾಕು, ಕಾಲಿಗೂ ಅಭ್ಯಾಸವಾಗುತ್ತದೆ.

ಮರುದಿನ ಬೆಳಿಗ್ಗೆ ಮೊದಲು ಸಾನ್ ಫ್ರೆದಿಯಾನೊ ಚರ್ಚು. ಈಗಷ್ಟೇ ಹೇಳಿದ ದಿಕ್ಕಿನ ನಿಯಮಕ್ಕೆ ಇದು ಅಪವಾದ: ಮುಂಗೋಡೆ ಪೂರ್ವಕ್ಕಿದೆ. ಹಾಗಾಗಿ 13ನೇ ಶತಮಾನದ ಹೊಂಬಣ್ಣದ ಮೊಸಾಯಿಕ್ ಬೆಳಗಿನ ಬಿಸಿಲಿಗೆ ಝಗ್ಗೆನ್ನುತ್ತದೆ. ಒಳಗೆ ಸಂತ ಜೀತಾಳ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. 1272ರಲ್ಲಿ ತೀರಿಕೊಂಡ ಆಕೆ ಶ್ರೀಮಂತರ ಮನೆಯಲ್ಲಿ ಕೆಲಸಕ್ಕಿದ್ದವಳು, ಮನೆಗೆಲಸದವರ ರಕ್ಷಕ ಸಂತಳೆಂದು ಪೂಜೆಗೊಳ್ಳುತ್ತಾಳೆ. ನಡುವೆ ಸಾನ್ ಮಿಕೆಲೆ ಚರ್ಚನ್ನು ಪಕ್ಕದಿಂದ ನೋಡಿ: ಮುಂಗೋಡೆ ಹಿಂದಿನ ಚಾವಣಿಗಿಂತ ಎಷ್ಟೋ ಎತ್ತರಕ್ಕೆ ಬರೀ ಗೋಡೆಯಾಗಿ ನಿಂತಿದೆ.

ಸಂಜೆಯ ಹೊತ್ತು ಸಾನ್ ಮಾರ್ತಿನೊ ಕ್ಯಾಥೆಡ್ರಲ್‌ಗೆ. ಮುಂದಿನ ಮೂರು ಕಮಾನುಗಳಲ್ಲಿ ಬಲಗಡೆಯದು ಚಿಕ್ಕದು. ಗಂಟೆಗೋಪುರ ಮೊದಲೇ ಅಲ್ಲಿದ್ದುದರಿಂದ ಇಕ್ಕಟ್ಟಾಗಿದೆ. ಮೇಲಿನ ಸಾಲುಗಳ ಪುಟ್ಟ ಕಂಬಗಳು ಒಂದರಂತೆ ಒಂದಿಲ್ಲ. ಗಂಟೆಗೋಪುರದ ಪಕ್ಕದ ಕಂಬದ ಹತ್ತಿರ ಹೋಗಿ. ಎದೆಮಟ್ಟಕ್ಕಿಂತ ತುಸು ಮೇಲೆ ಊಟದ ತಟ್ಟೆಗಿಂತ ದೊಡ್ಡದಾದ ಚಕ್ರವ್ಯೂಹ ಕೊರೆದಿದೆ. ಪಕ್ಕದ ಲ್ಯಾಟಿನ್ ಸಾಲುಗಳ ಸಾರ ಇಷ್ಟು: ಇದು ಗ್ರೀಕ್ ಪುರಾಣದ ಕ್ರೀಟಿನ ಡೆಡಾಲಸ್ ಕಟ್ಟಿದ ಚಕ್ರವ್ಯೂಹ, ಒಳಹೊಕ್ಕವರಲ್ಲಿ ಅರಿಯಾಡ್ನೆಯ ದಾರದ ನೆರವಿದ್ದ ಥೀಸಿಯಸ್ ಒಬ್ಬನೇ ಹೊರಬಂದ. ಶತಮಾನಗಳಿಂದ ಜನ ಬೆರಳಾಡಿಸಿ ನಡುಭಾಗ ಸವೆದು ನುಣ್ಣಗಾಗಿದೆ. ಒಳಗೆ ಯಾತ್ರಿಕರು ದೂರದಿಂದ ಅರಸಿ ಬರುತ್ತಿದ್ದ 'ವೋಲ್ತೊ ಸಾಂತೊ' ಎಂಬ ಮರದ ಶಿಲುಬೆಯಿದೆ. 2020ರಲ್ಲಿ ಪ್ರಕಟವಾದ ಕಾರ್ಬನ್ ಪರೀಕ್ಷೆ ಅದನ್ನು 8–9ನೇ ಶತಮಾನದ್ದೆಂದು ತೋರಿಸಿತು. ಸೆಪ್ಟೆಂಬರ್ 13ರ ಸಂಜೆ ಲುಕ್ಕಾದಲ್ಲಿದ್ದರೆ, ಅದರ ಗೌರವಾರ್ಥ ಊರಿಗೆ ಊರೇ ಹಣತೆ ಹಚ್ಚುವ ಮೆರವಣಿಗೆ ಕಾಣಬಹುದು.

ಆಲ್ತೊಪಾಶೊ: ಇಲ್ಲಿಗೆ ರೈಲು ಹತ್ತಿ

ಲುಕ್ಕಾದಿಂದ ಆಲ್ತೊಪಾಶೊ 18 ಕಿಲೋಮೀಟರ್ ಚಿಲ್ಲರೆ. ಬಹುಪಾಲು ಡಾಂಬರು, ಗೋದಾಮು, ಲಾರಿಗಳು. ಹಟಕ್ಕೆ ಬಿದ್ದು ನಡೆಯುವ ಅಗತ್ಯವಿಲ್ಲ, ಬೆಳಗಿನ ರೈಲು ಹತ್ತಿ ಅಲ್ಲಿಂದ ನಡಿಗೆ ಶುರು ಮಾಡಿ.

ಆಲ್ತೊಪಾಶೊದ್ದು 11ನೇ ಶತಮಾನದಲ್ಲಿ ಹುಟ್ಟಿದ ಛತ್ರ. ಕರಿ ನಿಲುವಂಗಿಯ ಮೇಲೆ ಇಂಗ್ಲಿಷಿನ ಟಿ ಆಕಾರದ 'ತಾವ್' ಗುರುತು ಧರಿಸಿದ ಸೇವಾಬಂಧುಗಳು ಇಲ್ಲಿ ಯಾತ್ರಿಕರಿಗೆ ಊಟ, ಹಾಸಿಗೆ, ಔಷಧ ಕೊಡುತ್ತಿದ್ದರು. ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಉತ್ತರ ಕರ್ನಾಟಕದವರಿಗೆ ದಾರಿಯುದ್ದಕ್ಕೂ ಸಿಗುವ ದಾಸೋಹವನ್ನು ಕಂಡವರಿಗೆ ಇದರ ಮಹತ್ವ ಬೇರೆ ಹೇಳಬೇಕಿಲ್ಲ. ಇಲ್ಲಿಯ ಅಡುಗೆ ಹಂಡೆ ಎಷ್ಟು ಹೆಸರುವಾಸಿಯೆಂದರೆ, 14ನೇ ಶತಮಾನದ ಇಟಲಿಯ ಕಥೆಗಾರ ಬೊಕ್ಕಾಚೊ ತನ್ನ ಕಥೆಯೊಂದರಲ್ಲಿ ಒಬ್ಬನ ಕುಲಾವಿಯ ಮೇಲಿನ ಜಿಡ್ಡು ಆಲ್ತೊಪಾಶೊದ ಹಂಡೆಗೂ ಒಗ್ಗರಣೆಯಾದೀತು ಎಂದು ತಮಾಷೆ ಮಾಡುತ್ತಾನೆ. ಊರ ನಡುವಿನ ಗೋಪುರದ ಗಂಟೆಗೆ 'ಸ್ಮರ್ರೀತಾ' ಎಂದು ಹೆಸರು. ಮುಂದಿನ ಚೆರ್ಬಾಯೆ ಕಾಡಿನಲ್ಲಿ ದಾರಿ ತಪ್ಪಿದವರು ಸದ್ದು ಹಿಡಿದು ಬರಲೆಂದು ಕತ್ತಲಾಗುವಾಗ ಅದನ್ನು ಬಾರಿಸುತ್ತಿದ್ದರು. 1587ರಲ್ಲಿ ಈ ಸೇವಾಸಂಘವನ್ನು ವಿಸರ್ಜಿಸಲಾಯಿತು. ಊರು ಈಗ ಬ್ರೆಡ್ಡಿಗೆ ಹೆಸರುವಾಸಿ, ಬುತ್ತಿಗೆ ಕಟ್ಟಿಸಿಕೊಳ್ಳಿ.

ಅಲ್ಲಿಂದ ಕಾಡು ಹೊಕ್ಕರೆ ಗಾಲ್ಲೇನೊ ಹತ್ತಿರ ಹಳೆಯ ಕಲ್ಲುಹಾಸಿನ ದಾರಿಯ ತುಣುಕೊಂದು ಉಳಿದಿದೆ. ರಾತ್ರಿಗೆ ಪೊಂತೆ ಆ ಕಪ್ಪಿಯಾನೊ. ಫ್ಲಾರೆನ್ಸನ್ನು ಆಳಿದ ಮೆದಿಚಿ ಮನೆತನದ ಮೊದಲ ಕೋಸಿಮೊ 16ನೇ ಶತಮಾನದಲ್ಲಿ ಮರಳಿ ಕಟ್ಟಿಸಿದ ಮಾಡು ಹೊದಿಸಿದ ಸೇತುವೆ ಇಲ್ಲಿದೆ, ಯಾತ್ರಿಕರ ವಸತಿ ಆ ಸೇತುವೆಯೊಳಗೇ ಇದೆ.

ಸಾನ್ ಮಿನಿಯಾಟೊ, ಆಮೇಲೆ ಎರಡು ಒಂಟಿ ಚರ್ಚು

ಮರುದಿನ ಫುಚೆಕ್ಕಿಯೊ ದಾಟಿ, ಆರ್ನೊ ನದಿ ದಾಟಿ ಗುಡ್ಡದ ಮೇಲಿನ ಸಾನ್ ಮಿನಿಯಾಟೊ. ಚಕ್ರವರ್ತಿ 2ನೇ ಫ್ರೆಡರಿಕ್ ಕಟ್ಟಿಸಿದ ಗೋಪುರವನ್ನು 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಉರುಳಿಸಿತು. ಈಗಿರುವುದು ಆಮೇಲೆ ಕಟ್ಟಿದ್ದು. ಕ್ಯಾಥೆಡ್ರಲ್‌ನ ಇಟ್ಟಿಗೆ ಮುಂಗೋಡೆಯಲ್ಲಿ ಬಣ್ಣದ ಪಿಂಗಾಣಿ ಬಟ್ಟಲುಗಳನ್ನು ಹುದುಗಿಸಿದ್ದಾರೆ. ಸಮುದ್ರದಾಚೆ ಉತ್ತರ ಆಫ್ರಿಕಾದಿಂದ ವ್ಯಾಪಾರದಲ್ಲಿ ಬರುತ್ತಿದ್ದ ಮಾಲು ಅದು. ಗುಡ್ಡದ ಕೆಳಗೆ ಸಾನ್ ಜೆನೇಸಿಯೊ ಎಂಬ ಊರಿತ್ತು, ಸಿಗೆರಿಕ್‌ನ ಪಟ್ಟಿಯಲ್ಲಿ 22ನೆಯದು. ಮೇಲಿನ ಸಾನ್ ಮಿನಿಯಾಟೊದವರೇ 1248ರಲ್ಲಿ ಅದನ್ನು ನೆಲಸಮ ಮಾಡಿದರು. ಉತ್ಖನನದಲ್ಲಿ ಸಿಕ್ಕ ಅಡಿಪಾಯಗಳನ್ನು ಈಗ ನೋಡಬಹುದು.

ಮುಂದಿನ ದಿನವೇ ಇಡೀ ಹಾದಿಯ ತಿರುಳು: ಗಂಬಾಸ್ಸಿ ತೆರ್ಮೆವರೆಗೆ 24 ಕಿಲೋಮೀಟರ್, ಗುಡ್ಡದ ಬೆನ್ನಿನ ಮೇಲೆ. ನಡುವೆ ಅಂಗಡಿ ಇಲ್ಲವೆಂದೇ ತಿಳಿಯಿರಿ. ಎರಡು ಲೀಟರ್ ನೀರು, ಊಟ ಕಟ್ಟಿಕೊಂಡೇ ಹೊರಡಿ. ಅರ್ಧ ದಾರಿಯಲ್ಲಿ ದಿಬ್ಬದ ಮೇಲೆ ಕೊಯಾನೊ ಚರ್ಚು, ಪಟ್ಟಿಯ 21ನೇ ತಾಣ. ಇದು ಸುತ್ತಲಿನ ಹಳ್ಳಿಗಳಿಗೆಲ್ಲ ಸೇರಿ ದೀಕ್ಷಾಸ್ನಾನದ ಹಕ್ಕಿದ್ದ ಮೂಲ ಚರ್ಚು. ಇಂಥವನ್ನು 'ಪಿಯೆವೆ' ಎನ್ನುತ್ತಾರೆ. ಬಾಗಿಲು ಹಾಕಿದ್ದರೂ ಸುತ್ತು ಬನ್ನಿ. ಕೆಳಗಿನ ಸಾಲುಗಳಲ್ಲಿ ಕಲ್ಲು, ಮೇಲೆ ಹೋದಂತೆ ಇಟ್ಟಿಗೆ. ಎದುರಿನ ಹುಲ್ಲಿನಲ್ಲಿ ಕೂತು ಊಟ ಮಾಡಿ.

ಸಂಜೆಗೆ ಕಿಯಾನ್ನಿಯ ಸಾಂತಾ ಮರಿಯಾ, 20ನೇ ತಾಣ. ಪಕ್ಕದಲ್ಲೇ ಯಾತ್ರಿಕರ ವಸತಿ. ಐದು ಕಮಾನುಗಳ ಸಾಲಿನ ಅದರ ಮರಳುಗಲ್ಲಿನ ಮುಂಗೋಡೆಯನ್ನು ನೋಡಿದರೆ, ಲುಕ್ಕಾದ ಶೈಲಿ ಕಾಲ್ನಡಿಗೆಯಲ್ಲೇ ಇಲ್ಲಿಗೂ ಬಂದದ್ದು ಕಣ್ಣಿಗೆ ಕಾಣುತ್ತದೆ. ಒಳಗಿನ ಬೋದಿಗೆಗಳಿಗೆ ಒಂದು ಗಂಟೆ ಕೊಡಿ. ದೊಡ್ಡ ಕ್ಯಾಥೆಡ್ರಲ್‌ಗಳಿಗಿಂತ ನನಗೆ ಈ ಚರ್ಚೇ ಹೆಚ್ಚು ಆಪ್ತ.

ಸಾನ್ ಜಿಮಿನ್ಯಾನೊ: ಸಂಜೆ ಐದರ ಮೇಲೆ

ಗಂಬಾಸ್ಸಿಯಿಂದ 13–14 ಕಿಲೋಮೀಟರ್ ಮಾತ್ರ. ದಾರಿಯಲ್ಲಿ ಚೆಲ್ಲೋಲೆ ಎಂಬಲ್ಲಿ ಸೈಪ್ರೆಸ್ ಮರಗಳ ನಡುವೆ ಇನ್ನೊಂದು ಪಿಯೆವೆ, ಈಗ ಸನ್ಯಾಸಿಗಳ ಪುಟ್ಟ ಸಮುದಾಯ ಅಲ್ಲಿದೆ.

ಸಾನ್ ಜಿಮಿನ್ಯಾನೊ ಬೆಳೆದದ್ದು ಯಾತ್ರಿಕರಿಂದ, ಕೇಸರಿ ವ್ಯಾಪಾರದಿಂದ, ದ್ರಾಕ್ಷಾರಸದಿಂದ. ಶ್ರೀಮಂತ ಮನೆತನಗಳು ಪೈಪೋಟಿಯ ಮೇಲೆ ಗೋಪುರ ಎಬ್ಬಿಸಿದವು; ಒಮ್ಮೆ 72 ಇದ್ದವೆಂಬ ಪ್ರತೀತಿ, ಈಗ 14. ದಾರಿ ಕಣಿವೆಗೆ ಇಳಿಯಿತು, 1348ರಲ್ಲಿ ಪ್ಲೇಗ್ ಬಂತು, 1353ರಲ್ಲಿ ಊರು ಫ್ಲಾರೆನ್ಸಿನ ಕೈಸೇರಿತು. ಬೆಳವಣಿಗೆ ನಿಂತಿತು, ಗೋಪುರಗಳು ನಿಂತೇ ಇದ್ದವು.

ಹಗಲಿಡೀ ಪ್ರವಾಸಿ ಬಸ್ಸುಗಳ ಜನ. ಮಧ್ಯಾಹ್ನವನ್ನು ಕೊಲ್ಲೆಜಿಯಾತಾ ಚರ್ಚಿನ ಒಳಗೆ ಕಳೆಯಿರಿ (ಟಿಕೆಟ್ ಇದೆ). ಎಡಗೋಡೆಯಲ್ಲಿ ಬಾರ್ತೊಲೊ ದಿ ಫ್ರೆದಿ 1367ರಲ್ಲಿ ಬರೆದ ಬೈಬಲಿನ ಹಳೆ ಒಡಂಬಡಿಕೆಯ ಕಥೆಗಳು, ಬಲಗೋಡೆಯಲ್ಲಿ ಏಸುವಿನ ಕಥೆ. ಓದಲು ಬಾರದವರೂ ನೋಡುತ್ತಾ ನಡೆದರೆ ಕಥೆ ತಿಳಿಯುವಂತೆ ಚೌಕಚೌಕವಾಗಿ ಬರೆದ ಚಿತ್ರಗಳು. ಬಸ್ಸುಗಳು ಹೊರಟ ಮೇಲೆ ಊರಿನ ಉತ್ತರದ ತುದಿಯ ಸಾಂತ್ ಅಗೊಸ್ತೀನೊಗೆ ಹೋಗಿ. ಬೆನೊತ್ಸೊ ಗೊತ್ಸೊಲಿ 1464–65ರಲ್ಲಿ ಬರೆದ ಸಂತ ಅಗಸ್ಟೀನನ ಬದುಕಿದೆ. ಮೊದಲ ಚಿತ್ರದಲ್ಲಿ ಪುಟ್ಟ ಅಗಸ್ಟೀನನನ್ನು ಅಪ್ಪ-ಅಮ್ಮ ಶಾಲೆಗೆ ಬಿಡುತ್ತಿದ್ದಾರೆ, ಪಕ್ಕದಲ್ಲೇ ಮೇಷ್ಟ್ರು ಇನ್ನೊಬ್ಬ ಹುಡುಗನ ಕುಂಡೆಗೆ ಬಾರಿಸುತ್ತಿದ್ದಾರೆ.

ಊಟದ ಮಾತು

ಸಸ್ಯಾಹಾರಿಗಳಿಗೆ ಟಸ್ಕನಿ ಕಷ್ಟವೇನಲ್ಲ. ರಿಬೊಲ್ಲೀತಾ ಅಂದರೆ ಕಾಳು, ಸೊಪ್ಪು, ಹಳೆ ಬ್ರೆಡ್ಡಿನ ಗಟ್ಟಿ ಸಾರು. ಪಪ್ಪಾ ಅಲ್ ಪೊಮೊದೊರೊ ಟೊಮೆಟೊದ್ದು. ಪೀಚಿ ಅಲ್ ಅಲ್ಯೋನೆ ಬೆಳ್ಳುಳ್ಳಿ-ಟೊಮೆಟೊ ಹಾಕಿದ ದಪ್ಪ ಶಾವಿಗೆ. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ' ಎಂದು ಹೇಳಿ, ಸಾರಿಗೆ ಮಾಂಸದ ಕಟ್ಟು ಹಾಕಿದ್ದಾರೆಯೇ ಎಂದೂ ವಿಚಾರಿಸಿ. ಪೆಕೊರೀನೊ, ಪಾರ್ಮೆಜಾನ್ ಚೀಸುಗಳಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಹೆಪ್ಪು ಇರುತ್ತದೆ. ಇಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ರಾತ್ರಿ ಏಳೂವರೆಗೆ ಮುಂಚೆ ಊಟ ಸಿಗುವುದು ಅಪರೂಪ, ಹಾಗಾಗಿ ಚೀಲದಲ್ಲಿ ಚಟ್ನಿಪುಡಿ, ಒಣಹಣ್ಣು ಇದ್ದರೆ ಒಳ್ಳೆಯದು.

ಅಬ್ಬಾದಿಯಾ ಆ ಇಸೊಲಾ, ಮೊಂತೆರಿಜ್ಜೋನಿ

ಇದು ಉದ್ದದ ದಿನ, 27–28 ಕಿಲೋಮೀಟರ್. ಹೆಚ್ಚಿನವರು ಇನ್ನೂ ಮೂರು ಕಿಲೋಮೀಟರ್ ಎಳೆದು ಮೊಂತೆರಿಜ್ಜೋನಿಯಲ್ಲಿ ತಂಗುತ್ತಾರೆ. ನೀವು ಅಬ್ಬಾದಿಯಾ ಆ ಇಸೊಲಾದ ಮಠದಲ್ಲೇ ನಿಲ್ಲಿ. ಕೌಂಟೆಸ್ ಆವಾ 1001ರಲ್ಲಿ ಸ್ಥಾಪಿಸಿದ ಈ ಬೆನೆಡಿಕ್ಟಿನ್ ಮಠದ ಸುತ್ತ ಆಗ ಜೌಗು ನೀರು, ಮಠ ದ್ವೀಪದಂತಿತ್ತು. ಇಲ್ಲೂ ದಪ್ಪ ಗೋಡೆ, ದುಂಡು ಕಮಾನುಗಳ ರೋಮನೆಸ್ಕ್ ಶೈಲಿಯ ಸರಳ ಕಲ್ಲಿನ ಒಳಾಂಗಣ, ವೇದಿಯ ಮೇಲೆ ಸಾನೊ ದಿ ಪಿಯೆತ್ರೊನ 1471ರ ಚಿನ್ನದ ಹಿನ್ನೆಲೆಯ ಹಲಗೆಚಿತ್ರ. ಸ್ವಯಂಸೇವಕರು ನಡೆಸುವ ವಸತಿಯಲ್ಲಿ ಊಟಕ್ಕೆ ಮುಂಚೆ ಬಂದವರ ಪಾದ ತೊಳೆಯುವ ಹಳೆಯ ಪದ್ಧತಿಯಿದೆ. ಸಂಕೋಚ ಪಡದೆ ಒಪ್ಪಿಕೊಳ್ಳಿ.

ಬೆಳಿಗ್ಗೆ ಹೊಲದಾಚೆ ಗುಡ್ಡದ ಮೇಲೆ ಮೊಂತೆರಿಜ್ಜೋನಿ ಕಾಣುತ್ತದೆ. ಫ್ಲಾರೆನ್ಸಿನ ವಿರುದ್ಧ ಸಿಯೆನಾದವರು 1213ರಿಂದ 1219ರೊಳಗೆ ಕಟ್ಟಿದ ಕಾವಲು ಕೋಟೆ, 14 ಬುರುಜು. ಇಟಲಿಯ ಕವಿ ಡಾಂಟೆ ತನ್ನ ಕಾವ್ಯದಲ್ಲಿ ನರಕದ ಗುಂಡಿಯ ಸುತ್ತ ನಿಂತ ದೈತ್ಯರನ್ನು ಇದೇ ಬುರುಜುಗಳಿಗೆ ಹೋಲಿಸಿದ. ಈ ನೋಟವೇ ಮುಖ್ಯ. ಒಳಗೆ ಒಂದು ಚೌಕ, ಒಂದು ಪುಟ್ಟ ಚರ್ಚು, ಅಂಗಡಿಗಳು. ಅರ್ಧ ಗಂಟೆ ಸಾಕು.

ಸಿಯೆನಾ

ಇಪ್ಪತ್ತು ಕಿಲೋಮೀಟರ್ ಕಾಡು, ಹೊಲ ದಾಟಿ ಕಮೊಲ್ಲಿಯಾ ಹೆಬ್ಬಾಗಿಲು. ಹೊರಗಿನ ಕಮಾನಿನ ಮೇಲೆ ಲ್ಯಾಟಿನ್‌ನಲ್ಲಿ ಕೊರೆದಿದೆ: ಈ ಬಾಗಿಲಿಗಿಂತ ಅಗಲವಾದ ಹೃದಯವನ್ನು ಸಿಯೆನಾ ನಿನಗಾಗಿ ತೆರೆಯುತ್ತದೆ. ಒಳಗೆ ಬಂದೊಡನೆ ಟೆಂಪ್ಲರ್ ಯೋಧ-ಸನ್ಯಾಸಿಗಳ ಸಾನ್ ಪಿಯೆತ್ರೊ ಅಲ್ಲಾ ಮಜೋನೆ. ಮುಂದೆ ಊರಿನ ಮುಖ್ಯ ಬೀದಿಯೇ ಫ್ರಾಂಚೀಜೆನಾ. ಯಾತ್ರಿಕರ ಕೈಯ ನಾಣ್ಯ ಬದಲಾಯಿಸುತ್ತ ಬೆಳೆದ ಲೇವಾದೇವಿಗಾರರ ಊರು ಇದು.

ಕ್ಯಾಥೆಡ್ರಲ್ ಪಕ್ಕದಲ್ಲಿ ಚಾವಣಿಯಿಲ್ಲದೆ ನಿಂತ ಬೃಹತ್ ಕಮಾನು, ಗೋಡೆಗಳನ್ನು ಗಮನಿಸಿ. ಚರ್ಚನ್ನು ಕ್ರೈಸ್ತಲೋಕದಲ್ಲೇ ದೊಡ್ಡದು ಮಾಡುವ ಹಂಬಲದಿಂದ 1339ರಲ್ಲಿ ಶುರುಮಾಡಿದ ಕೆಲಸ, 1348ರ ಪ್ಲೇಗಿನ ನಂತರ ಕೈಬಿಟ್ಟರು. ಅಮೃತಶಿಲೆಯ ಚಿತ್ರನೆಲವನ್ನು ವರ್ಷದಲ್ಲಿ ಕೆಲವು ವಾರ ಮಾತ್ರ ಪೂರ್ತಿ ತೆರೆದಿಡುತ್ತಾರೆ, ದಿನಾಂಕ ನೋಡಿಕೊಂಡು ಹೋಗಿ.

ಆದರೆ ಸಿಯೆನಾದಲ್ಲಿ ಒಂದೇ ಕಡೆ ಹೋಗಲು ಸಮಯವಿದ್ದರೆ ಕ್ಯಾಥೆಡ್ರಲ್‌ಗೆ ಎದುರಿನ ಸಾಂತಾ ಮರಿಯಾ ದೆಲ್ಲಾ ಸ್ಕಾಲಾಗೆ ಹೋಗಿ. 1090ರಿಂದ ದಾಖಲೆಯಿರುವ, 20ನೇ ಶತಮಾನದ ಕೊನೆಯವರೆಗೂ ರೋಗಿಗಳಿದ್ದ ಛತ್ರ-ಆಸ್ಪತ್ರೆ, ಈಗ ವಸ್ತುಸಂಗ್ರಹಾಲಯ. ಇದರ ಯಾತ್ರಿಕರ ಸಭಾಂಗಣದಲ್ಲಿ 1440ರ ದಶಕದಲ್ಲಿ ಬರೆದ ಭಿತ್ತಿಚಿತ್ರಗಳಲ್ಲಿ ದೇವತೆಗಳಿಗಿಂತ ಆಸ್ಪತ್ರೆಯ ದಿನನಿತ್ಯದ ಕೆಲಸವೇ ಹೆಚ್ಚು: ಅನಾಥ ಮಕ್ಕಳಿಗೆ ಹಾಲೂಡಿಸುವ ದಾದಿಯರು, ಬಡವರಿಗೆ ಬಟ್ಟೆ, ಊಟ. ದೊಮೇನಿಕೊ ದಿ ಬಾರ್ತೊಲೊ ಬರೆದ ರೋಗಿಗಳ ಆರೈಕೆಯ ಚಿತ್ರದ ಮುಂದೆ ನಿಲ್ಲಿ. ನಡುವೆ ತೊಡೆಯಲ್ಲಿ ಬಾಯ್ಬಿಟ್ಟ ಗಾಯದ ಯುವಕ ಬೆತ್ತಲೆ ಕೂತಿದ್ದಾನೆ, ಅವನ ಕಾಲು ತೊಳೆಯುತ್ತಿದ್ದಾರೆ. ಒಂದು ಕಡೆ ಪಾದ್ರಿ ಸ್ಥೂಲಕಾಯದ ರೋಗಿಯ ಪಾಪನಿವೇದನೆ ಕೇಳುತ್ತಿದ್ದಾನೆ. ಕೆಳಗೆ ನೆಲದ ಮೇಲೆ ನಾಯಿ-ಬೆಕ್ಕು ಜಗಳಕ್ಕೆ ನಿಂತಿವೆ. ಲುಕ್ಕಾದಿಂದ ನಡೆದ ಆರು ದಿನಗಳಲ್ಲಿ ಕಂಡ ಛತ್ರಗಳ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಜಾಗ ಬೇರೆಲ್ಲೂ ಸಿಗಲಿಲ್ಲ ನನಗೆ.

ಇನ್ನೊಂದು ದಿನ ಉಳಿದಿದ್ದರೆ

ಸಿಯೆನಾದಿಂದ ಬಸ್ಸಿನಲ್ಲಿ ಮೊಂತಾಲ್ಚಿನೊಗೆ ಹೋಗಿ, ಅಲ್ಲಿಂದ ಸುಮಾರು 10 ಕಿಲೋಮೀಟರ್ ಕಾಡುದಾರಿ ನಡೆದು ಸಾಂತ್ ಆಂತಿಮೊ ಮಠ ನೋಡಿ. ಮುಖ್ಯ ಹಾದಿಯಿಂದ ಪಕ್ಕಕ್ಕಿದೆ, ಆದರೂ ಬಿಡಬಾರದು. 12ನೇ ಶತಮಾನದ ಈ ಚರ್ಚಿನಲ್ಲಿ ವೇದಿಯ ಹಿಂದೆ ಸುತ್ತು ಬರುವ ಓಣಿ, ಅದಕ್ಕೆ ಹೊಂದಿಕೊಂಡ ಪುಟ್ಟ ಗುಡಿಗಳು ಫ್ರಾನ್ಸಿನ ಯಾತ್ರಾ ಚರ್ಚುಗಳ ಮಾದರಿಯವು. ಬಲಸಾಲಿನ ಎರಡನೇ ಕಂಬದ ಬೋದಿಗೆಯಲ್ಲಿ ಸಿಂಹಗಳ ನಡುವೆ ಕೈಯೆತ್ತಿ ನಿಂತ ಬೈಬಲಿನ ಪ್ರವಾದಿ ಡೇನಿಯಲ್ ಇದ್ದಾನೆ. ಕೆಲವು ಕಲ್ಲುಗಳು ಬೆಳಕು ಹಾಯುವಷ್ಟು ತಿಳಿ. ಬಿಸಿಲು ಬಿದ್ದಾಗ ಒಳಗಿನಿಂದ ನೋಡಿ. ವಾಪಸು ಬಸ್ಸು ದಿನಕ್ಕೆ ಕೆಲವೇ ಇವೆ, ಭಾನುವಾರ ನೆಚ್ಚಿಕೊಳ್ಳುವಂತಿಲ್ಲ. ಹೊರಡುವ ಮುಂಚೆಯೇ ಮೊಂತಾಲ್ಚಿನೊದಲ್ಲಿ ಟ್ಯಾಕ್ಸಿಯವರ ನಂಬರು ಬರೆದಿಟ್ಟುಕೊಳ್ಳಿ.